ಹಳೆಯ ಐಪಾಡ್‌ನ ಹಾರ್ಡ್ ಡಿಸ್ಕ್ ಜಾಗಕ್ಕೆ ಫ್ಲ್ಯಾಶ್ ಮೆಮೊರಿ: ಅದು ಹೇಗೆ ಸಾಧ್ಯ, ತೊಡಕು ಎಲ್ಲಿ

ವರ್ಷಗಟ್ಟಲೆ ಮೇಜಿನ ಖಾನೆಯಲ್ಲಿ ಬಿದ್ದಿದ್ದ ಐಪಾಡ್ ಒಂದನ್ನು, ಅಂದರೆ ಆಪಲ್ ಕಂಪನಿಯ ಹಾಡು ಕೇಳುವ ಪುಟ್ಟ ಸಾಧನವನ್ನು, ಚಾರ್ಜಿಗೆ ಹಾಕಿದಾಗ ಪರದೆ ಬೆಳಗುತ್ತದೆ, ಸೇಬಿನ ಗುರುತು ಮೂಡುತ್ತದೆ, ಒಳಗಿನಿಂದ ಯಾರೋ ಉಗುರಿನಿಂದ ತಟ್ಟಿದಂಥ ಸದ್ದು ನಾಲ್ಕಾರು ಸಲ ಕೇಳುತ್ತದೆ, ಕೊನೆಗೆ ಫೋಲ್ಡರಿನ ಚಿತ್ರವೊಂದು ಎಚ್ಚರಿಕೆಯ ಗುರುತಿನೊಂದಿಗೆ ಬಂದು ನಿಲ್ಲುತ್ತದೆ. ಸಾಧನ ಸತ್ತಿತೆಂದು ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಆದರೆ ಅದರ ಪ್ರೊಸೆಸರ್, ಪರದೆ, ಗುಂಡಿಚಕ್ರ ಮತ್ತು ಧ್ವನಿಯ ಚಿಪ್ ಎಲ್ಲವೂ ಹೆಚ್ಚಿನ ಸಂದರ್ಭಗಳಲ್ಲಿ ಚೆನ್ನಾಗಿಯೇ ಇರುತ್ತವೆ. ಕೈಕೊಟ್ಟಿರುವುದು ಒಳಗೆ ತಿರುಗುತ್ತಿದ್ದ ಹಾರ್ಡ್ ಡಿಸ್ಕ್ ಒಂದೇ. ಆ ಡಿಸ್ಕನ್ನು ತೆಗೆದು ಅದರ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸಿದರೆ ಸಾಧನ ಮತ್ತೆ ಹಾಡುತ್ತದೆ. ಈ ಬದಲಾವಣೆ ಏಕೆ ಸಾಧ್ಯವಾಗುತ್ತದೆ ಎಂಬುದು ತಿಳಿದರೆ ಅದು ಎಲ್ಲೆಲ್ಲಿ ಕೈಕೊಡಬಹುದು ಎಂಬುದೂ ತಾನಾಗಿ ತಿಳಿಯುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒಳಗಿನ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳುವುದು ಒಳ್ಳೆಯದು.

2001ರ ಅಕ್ಟೋಬರ್ 23ರಂದು ಮೊದಲ ಐಪಾಡ್ ಬಂದಾಗ ಅದರ ಒಳಗಿದ್ದದ್ದು ತೋಷಿಬಾ ತಯಾರಿಸಿದ 1.8 ಇಂಚಿನ, 5 ಜಿಬಿ ಡಿಸ್ಕ್. ಆಗಲೂ ಫ್ಲ್ಯಾಶ್ ಮೆಮೊರಿ ಬಳಸುವ ಹಾಡಿನ ಸಾಧನಗಳು ಇದ್ದವು. 1998ರಲ್ಲಿ ಬಂದ ರಿಯೋ ಪಿಎಂಪಿ300 ಅಂಥದ್ದೇ. ಆದರೆ ಅದರಲ್ಲಿದ್ದ ಮೆಮೊರಿ 32 ಎಂಬಿ, ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆಯ ಸಂಗೀತ. ಸಾವಿರ ಹಾಡುಗಳನ್ನು ಕಿಸೆಯಲ್ಲಿಟ್ಟುಕೊಳ್ಳಲು ಆ ಕಾಲದಲ್ಲಿ ಕೈಗೆಟುಕುವ ದಾರಿಯೆಂದರೆ ತಿರುಗುವ ಡಿಸ್ಕ್ ಮಾತ್ರ. ಐರಿವರ್ ಎಚ್100 ಸರಣಿ, 2006ರ ಮೈಕ್ರೋಸಾಫ್ಟ್ ಝೂನ್ ಮುಂತಾದ ಸಾಧನಗಳೂ ಇದೇ 1.8 ಇಂಚಿನ ಡಿಸ್ಕಿನ ಮೇಲೆ ನಿಂತವು. ಹಾರ್ಡ್ ಡಿಸ್ಕುಗಳು ಇಷ್ಟು ಚಿಕ್ಕದಾಗಿ ಇಷ್ಟೊಂದನ್ನು ಹಿಡಿಯುವಂತಾದದ್ದರ ಹಿಂದೆ, ತೆಳು ಲೋಹಪದರಗಳ ವಿದ್ಯುತ್ ರೋಧವು ಸಣ್ಣ ಕಾಂತಕ್ಷೇತ್ರಕ್ಕೂ ಬಹಳವಾಗಿ ಬದಲಾಗುತ್ತದೆ ಎಂಬ ಶೋಧವಿದೆ; ಅದಕ್ಕಾಗಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಐಪಾಡ್ ಕ್ಲಾಸಿಕ್ 160 ಜಿಬಿ ಮುಟ್ಟಿದ್ದೂ ಅದೇ ವರ್ಷ.

ಆ ಪುಟ್ಟ ಡಿಸ್ಕಿನ ಒಳಗೆ ಒಂದು ಅಥವಾ ಎರಡು ತಟ್ಟೆಗಳು ನಿಮಿಷಕ್ಕೆ 4,200 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಕಾಂತೀಯವಾಗಿ ಬರೆದಿರುವುದನ್ನು ಓದುವ ತಲೆಯು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಿರುಗುವಿಕೆಯಿಂದ ಏಳುವ ಗಾಳಿಯ ಪದರದ ಮೇಲೆ ತೇಲುತ್ತದೆ. ಕಿಸೆಯಲ್ಲಿ ಇಟ್ಟುಕೊಂಡು ಓಡಾಡುವ ವಸ್ತುವಿಗೆ ಇಂಥ ಯಂತ್ರ ಹೊಂದುವುದಿಲ್ಲ ಎಂಬುದು ಅದನ್ನು ರೂಪಿಸಿದವರಿಗೂ ಗೊತ್ತಿತ್ತು. ಆದ್ದರಿಂದ ಅವರು ಸಾಧನದಲ್ಲಿ ತಾತ್ಕಾಲಿಕ ಮೆಮೊರಿಯಾದ 32 ಎಂಬಿ ರ‍್ಯಾಮ್ ಇಟ್ಟು, ಬಾವಿಯಿಂದ ಒಮ್ಮೆಗೇ ಕೊಡ ತುಂಬಿ ತಂದಿಟ್ಟುಕೊಳ್ಳುವ ಹಾಗೆ, ಮುಂದಿನ ಹಲವು ಹಾಡುಗಳನ್ನು ಡಿಸ್ಕಿನಿಂದ ಒಮ್ಮೆಗೇ ರ‍್ಯಾಮಿಗೆ ತುಂಬಿಕೊಂಡು ಡಿಸ್ಕನ್ನು ಮಲಗಿಸುವ ವ್ಯವಸ್ಥೆ ಮಾಡಿದರು. ಹಾಡು ರ‍್ಯಾಮಿನಿಂದ ಹರಿಯುತ್ತಿರುವಾಗ ಡಿಸ್ಕ್ ನಿಂತಿರುತ್ತದೆ, ತಲೆ ಪಕ್ಕದ ನೆಲೆಗೆ ಸರಿದಿರುತ್ತದೆ. ಆ ಹೊತ್ತಿನಲ್ಲಿ ಸಾಧನ ಅಲುಗಿದರೂ ಬಿದ್ದರೂ ಅಪಾಯ ಕಡಿಮೆ. ರ‍್ಯಾಮ್ ಖಾಲಿಯಾಗುತ್ತ ಬಂದಾಗ ಡಿಸ್ಕ್ ಮತ್ತೆ ಎಚ್ಚರಗೊಂಡು ಕೆಲವು ಸೆಕೆಂಡು ತಿರುಗಿ ಮಲಗುತ್ತದೆ. ಈ ಜಾಣತನ ನನಗೆ ಇಂದಿಗೂ ಮೆಚ್ಚುಗೆಯದು, ಏಕೆಂದರೆ ಡಿಸ್ಕಿನ ಎರಡು ದೌರ್ಬಲ್ಯಗಳನ್ನು, ಅಂದರೆ ವಿದ್ಯುತ್ತಿನ ಹಸಿವನ್ನೂ ಪೆಟ್ಟು ತಡೆಯದ ನಾಜೂಕನ್ನೂ, ಒಂದೇ ಉಪಾಯ ಸರಿದೂಗಿಸಿತು. ಆದರೂ ತಿರುಗುತ್ತಿರುವ ಕ್ಷಣದಲ್ಲೇ ಸಾಧನ ಕೈಜಾರಿದರೆ ತಲೆ ತಟ್ಟೆಗೆ ತಗುಲುತ್ತದೆ, ಮೇಲ್ಮೈ ಗೀರುತ್ತದೆ. ಬೀಳದೆಯೇ ವರ್ಷಗಳು ಕಳೆದರೂ ಬೇರಿಂಗು, ಮೋಟಾರು, ತಲೆ ಸವೆಯುತ್ತವೆ. 2014ರ ಸೆಪ್ಟೆಂಬರಿನಲ್ಲಿ ಕ್ಲಾಸಿಕ್ ಮಾರಾಟ ನಿಂತಿತು, ಆದ್ದರಿಂದ ಅವುಗಳಲ್ಲಿ ಅತಿ ಹೊಸದು ಕೂಡ ಈಗ ಹಳೆಯದೇ. ಬದಲಿಗೆ ಸಿಗುವ 1.8 ಇಂಚಿನ ಡಿಸ್ಕುಗಳೂ ಬಹುತೇಕ ಬಳಸಿ ಬಿಟ್ಟವು. ಸವೆದದ್ದನ್ನು ತೆಗೆದು ಸವೆದದ್ದನ್ನೇ ಹಾಕುವುದರಲ್ಲಿ ಅರ್ಥವಿಲ್ಲ.

ಫ್ಲ್ಯಾಶ್ ಮೆಮೊರಿಯ ನ್ಯಾಂಡ್ ಎಂಬ ಬಗೆ ರೂಪುಗೊಂಡದ್ದು ಕೂಡ ತೋಷಿಬಾದಲ್ಲೇ. ಅಲ್ಲಿ ಕೆಲಸ ಮಾಡುತ್ತಿದ್ದ ಫುಜಿಯೋ ಮಸುವೋಕಾ ಮತ್ತು ಸಂಗಡಿಗರು ಅದನ್ನು 1987ರಲ್ಲಿ ಮಂಡಿಸಿದರು. ಐಪಾಡಿನ ಡಿಸ್ಕೂ ಅದನ್ನು ತೆರವುಗೊಳಿಸುತ್ತಿರುವ ಮೆಮೊರಿಯೂ ಒಂದೇ ಮನೆಯ ಕೂಸುಗಳು. ನ್ಯಾಂಡ್‌ನಲ್ಲಿ ಚಲಿಸುವ ಭಾಗಗಳಿಲ್ಲ. ಒಂದೊಂದು ಕೋಶದಲ್ಲಿ, ಸುತ್ತಲೂ ವಿದ್ಯುತ್ ಹರಿಯದ ಪದರದ ನಡುವೆ, ಎಲೆಕ್ಟ್ರಾನುಗಳನ್ನು ಸಿಕ್ಕಿಸಿಡಲಾಗುತ್ತದೆ. ವಿದ್ಯುತ್ ಪೂರೈಕೆ ನಿಂತರೂ ಅವು ಅಲ್ಲಿಯೇ ಉಳಿಯುತ್ತವೆ, ಎಷ್ಟು ಉಳಿದಿವೆ ಎಂಬುದನ್ನು ಅಳೆದು ಅಂಕಿಗಳನ್ನು ಓದಲಾಗುತ್ತದೆ. ಇದರ ನಡಾವಳಿ ಡಿಸ್ಕಿನದರಂತೆ ಸರಳವಲ್ಲ. ಬರೆಯುವುದು ಪುಟದಷ್ಟು ಅಳತೆಯಲ್ಲಿ, ಅಳಿಸುವುದು ನೂರಾರು ಪುಟಗಳ ದೊಡ್ಡ ಕಟ್ಟಿನಲ್ಲಿ. ಒಂದೇ ಕಟ್ಟನ್ನು ಮತ್ತೆ ಮತ್ತೆ ಅಳಿಸಿದರೆ ಅದು ಸವೆಯುತ್ತದೆ. ಆದ್ದರಿಂದ ಪ್ರತಿ ಕಾರ್ಡಿನೊಳಗೂ ಒಂದು ಪುಟ್ಟ ನಿಯಂತ್ರಕ ಚಿಪ್ ಕುಳಿತು, ಸವೆತವನ್ನು ಎಲ್ಲೆಡೆಗೂ ಹಂಚುತ್ತ, ಕೆಟ್ಟ ಕಟ್ಟುಗಳನ್ನು ಬದಿಗಿಡುತ್ತ, ಈ ಎಲ್ಲ ಒಳಗಿನ ಗೊಂದಲವನ್ನು ಮರೆಮಾಡಿ ಹೊರಗಿನವರಿಗೆ ಒಂದು ಸರಳವಾದ ನೋಟವನ್ನಷ್ಟೇ ತೋರಿಸುತ್ತದೆ.

ಆ ನೋಟವೇ ಇಡೀ ವಿಷಯದ ತಿರುಳು. ಐಪಾಡಿನ ಪ್ರೊಸೆಸರ್ ತಟ್ಟೆಯನ್ನಾಗಲಿ ತಲೆಯನ್ನಾಗಲಿ ನೇರವಾಗಿ ಆಡಿಸುವುದಿಲ್ಲ. ಅದು ಎಟಿಎ ಎಂಬ ನಿಯಮಾವಳಿಯ ಭಾಷೆಯಲ್ಲಿ ಡಿಸ್ಕಿನೊಂದಿಗೆ ಮಾತನಾಡುತ್ತದೆ, ಮತ್ತು ಆ ಭಾಷೆಯಲ್ಲಿ ಡಿಸ್ಕ್ ಎಂದರೆ ಸೊನ್ನೆಯಿಂದ ಆರಂಭಿಸಿ ಸಾಲಾಗಿ ಅಂಕಿ ಹಾಕಿದ, ಸಾಮಾನ್ಯವಾಗಿ ತಲಾ 512 ಬೈಟುಗಳ ಸೆಕ್ಟರುಗಳು, ಅಷ್ಟೇ. ಇಷ್ಟನೆಯ ಸೆಕ್ಟರಿನಿಂದ ಇಷ್ಟು ಸೆಕ್ಟರು ಓದಿಕೊಡು, ಇಷ್ಟನೆಯದಕ್ಕೆ ಇದನ್ನು ಬರೆ, ಇನ್ನು ಮಲಗು, ಈಗ ಏಳು: ಅದು ಹೇಳುವುದು ಹೆಚ್ಚುಕಡಿಮೆ ಇಷ್ಟೇ. ಈ ಮಾತಿಗೆ ಸರಿಯಾಗಿ ಉತ್ತರಿಸುವ ಯಾವ ವಸ್ತುವಾದರೂ ಅದರ ಪಾಲಿಗೆ ಡಿಸ್ಕೇ. ಉತ್ತರಿಸುತ್ತಿರುವುದು ತಿರುಗುವ ತಟ್ಟೆಯೋ ಕದಲದ ಚಿಪ್ಪೋ ಎಂದು ಕೇಳುವ ಪದವೇ ಆ ಸಂಭಾಷಣೆಗೆ ಬೇಕಾಗಿಲ್ಲ. ಬದಲಾವಣೆಗೆ ದಾರಿ ತೆರೆಯುವುದು ಈ ಅಜ್ಞಾನ. ಬದಲಾವಣೆಯಲ್ಲಿ ಎದುರಾಗುವ ಹೆಚ್ಚಿನ ತೊಂದರೆಗಳು ಹುಟ್ಟುವುದು ಈ ಒಪ್ಪಂದದ ಅಂಚುಗಳಲ್ಲಿ.

ಆ ಭಾಷೆಯನ್ನು ತಾನೇ ಮಾತನಾಡಬಲ್ಲ ಕಾರ್ಡ್ ಕಾಂಪ್ಯಾಕ್ಟ್‌ಫ್ಲ್ಯಾಶ್. ಅದರ ನಿಯಮಾವಳಿಯಲ್ಲಿಯೇ ಎಟಿಎ ಡಿಸ್ಕಿನಂತೆ ವರ್ತಿಸುವ ಒಂದು ವಿಧಾನವಿರುವುದರಿಂದ, ಅದಕ್ಕೆ ಬೇಕಾದ ಅಡಾಪ್ಟರ್ ಕೇವಲ ತಂತಿಗಳನ್ನು ಈ ಆಕಾರದ ಕಿಂಡಿಯಿಂದ ಆ ಆಕಾರದ ಕಿಂಡಿಗೆ ಒಯ್ಯುವ ಹಲಗೆ. 2004 ಮತ್ತು 2005ರ ಐಪಾಡ್ ಮಿನಿಗೆ ಅದೂ ಬೇಡ. ಅದರೊಳಗಿನ ಒಂದು ಇಂಚಿನ ಮೈಕ್ರೋಡ್ರೈವ್ ಹುಟ್ಟಿದ್ದೇ ಕಾಂಪ್ಯಾಕ್ಟ್‌ಫ್ಲ್ಯಾಶ್ ಆಕಾರದಲ್ಲಿ, ಹಾಗಾಗಿ ಡಿಸ್ಕನ್ನು ಕಳಚಿ ಅದೇ ಕಿಂಡಿಗೆ ಕಾರ್ಡನ್ನು ನೇರವಾಗಿ ಕೂರಿಸಬಹುದು. ಮೊದಲ ಬಾರಿಗೆ ಈ ಕೆಲಸಕ್ಕೆ ಇಳಿಯುವವರಿಗೆ ಮಿನಿಗಿಂತ ಒಳ್ಳೆಯ ಗುರು ಇಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡುಗಳು ಈಗ ವಿರಳ, ಸಿಕ್ಕರೂ ಅದೇ ಸಾಮರ್ಥ್ಯದ ಎಸ್‌ಡಿ ಕಾರ್ಡಿಗಿಂತ ದುಬಾರಿ.

ಎಸ್‌ಡಿ ಮತ್ತು ಮೈಕ್ರೋಎಸ್‌ಡಿ ಕಾರ್ಡುಗಳ ಭಾಷೆಯೇ ಬೇರೆ. ಹಾಗಾಗಿ ಅವುಗಳ ಅಡಾಪ್ಟರಿನಲ್ಲಿ ದುಭಾಷಿಯಂತೆ ಕೆಲಸ ಮಾಡುವ ಚಿಪ್ ಒಂದು ಇರಲೇಬೇಕು. ಐಪಾಡ್ ಎಟಿಎಯಲ್ಲಿ ಕೇಳಿದ್ದನ್ನು ಅದು ಎಸ್‌ಡಿಯ ಭಾಷೆಗೆ ತಿರುಗಿಸಿ, ಬಂದ ಉತ್ತರವನ್ನು ಮತ್ತೆ ಎಟಿಎಗೆ ತಿರುಗಿಸಿ ಕೊಡುತ್ತದೆ. ಐಫ್ಲ್ಯಾಶ್ ಎಂಬ ಹೆಸರಿನ ಅಡಾಪ್ಟರುಗಳು ಈ ಕೆಲಸಕ್ಕೆಂದೇ ರೂಪಿಸಿದವು. ಅವುಗಳಲ್ಲಿ ಒಂದೇ ಕಾರ್ಡು ಹಿಡಿಯುವುದೂ ಇದೆ, ನಾಲ್ಕು ಮೈಕ್ರೋಎಸ್‌ಡಿ ಕಾರ್ಡುಗಳನ್ನು ಒಂದರ ಹಿಂದೊಂದು ಜೋಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ತೋರಿಸುವುದೂ ಇದೆ. ನಾಲ್ಕು ಕಾರ್ಡುಗಳ ಜೋಡಣೆಯಲ್ಲಿ ಒಂದು ಕೆಟ್ಟರೂ ಇಡೀ ಸಂಗ್ರಹ ಹೋದಂತೆಯೇ, ಏಕೆಂದರೆ ಕಡತಗಳ ಪಟ್ಟಿಯೂ ಕಡತಗಳೂ ಆ ನಾಲ್ಕರ ಉದ್ದಕ್ಕೂ ಹರಡಿರುತ್ತವೆ. ಆದ್ದರಿಂದ ಬೇಕಾದ ಸಾಮರ್ಥ್ಯ ಒಂದೇ ಕಾರ್ಡಿನಲ್ಲಿ ಸಿಗುವುದಾದರೆ ಒಂದೇ ಕಾರ್ಡನ್ನು ಹಾಕುವುದು ಲೇಸು. ಎಂಸಾಟಾ ಬಗೆಯ, ಕಂಪ್ಯೂಟರುಗಳಲ್ಲಿ ಡಿಸ್ಕಿನ ಬದಲು ಬಳಸುವ ಫ್ಲ್ಯಾಶ್ ಹಲಗೆಗಳಾದ ಎಸ್‌ಎಸ್‌ಡಿಗಳನ್ನೂ ಅಡಾಪ್ಟರಿನ ಮೂಲಕ ಸೇರಿಸಬಹುದಾದರೂ ಅವು ಕಂಪ್ಯೂಟರಿನ ವಿದ್ಯುತ್ ಪೂರೈಕೆಯನ್ನು ನೆಚ್ಚಿಕೊಂಡು ಹುಟ್ಟಿದವು. ಕಿಸೆಯ ಸಾಧನದ ಬ್ಯಾಟರಿಗೆ ಅವುಗಳ ಹಸಿವು ದೊಡ್ಡದು.

ಅಡಾಪ್ಟರ್ ಕೊಳ್ಳುವಾಗ ನೋಡಬೇಕಾದ ಇನ್ನೊಂದು ಸಂಗತಿ ಕಿಂಡಿಯ ಆಕಾರ. ನಾಲ್ಕನೇ ಪೀಳಿಗೆಯವರೆಗಿನ ದೊಡ್ಡ ಐಪಾಡುಗಳ ಡಿಸ್ಕಿಗೆ 50 ಸೂಜಿಗಳ ಕಿಂಡಿಯಿದೆ. 2005ರ ಐದನೇ ಪೀಳಿಗೆಯಿಂದ ಮುಂದಕ್ಕೆ ಜಿಫ್ ಎಂದು ಕರೆಯುವ, ತೆಳ್ಳನೆಯ ರಿಬ್ಬನ್ ಕೇಬಲನ್ನು ಒಳಗೆ ಜಾರಿಸಿ ಮೇಲಿನ ಸಣ್ಣ ಅಗುಳಿಯನ್ನು ಒತ್ತಿ ಬಿಗಿಮಾಡುವ ಕಿಂಡಿ ಬಂತು.

ಈಗ ಒಪ್ಪಂದದ ಅಂಚುಗಳಿಗೆ ಬರೋಣ. ಮೊದಲನೆಯದು ವಿಳಾಸದ ಉದ್ದ. ಎಟಿಎಯ ಹಳೆಯ ರೂಪದಲ್ಲಿ ಸೆಕ್ಟರಿನ ವಿಳಾಸವನ್ನು ಬರೆಯಲು 28 ಬಿಟ್‌ಗಳಷ್ಟೇ ಜಾಗವಿತ್ತು. ಎರಡರ 28ನೇ ಘಾತವೆಂದರೆ 26,84,35,456. ಅಷ್ಟು ಸೆಕ್ಟರುಗಳನ್ನು 512ರಿಂದ ಗುಣಿಸಿದರೆ ಸುಮಾರು 137 ಶತಕೋಟಿ ಬೈಟು, ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಸರಿಯಾಗಿ 128 ಜಿಬಿ. ಅಂಚೆಯವನ ಪಟ್ಟಿಯಲ್ಲಿ ಮನೆ ಸಂಖ್ಯೆಗೆ ಮೂರೇ ಅಂಕೆಗಳ ಜಾಗವಿದ್ದರೆ 999ರ ಆಚೆಗಿನ ಮನೆಗೆ ಪತ್ರ ಮುಟ್ಟುವುದಿಲ್ಲ, ಇದೂ ಹಾಗೆಯೇ. ಮುಂದೆ 48 ಬಿಟ್‌ಗಳ ವಿಳಾಸ ಬಂದು ಈ ಗೋಡೆ ಬಿತ್ತಾದರೂ ಎಲ್ಲ ಐಪಾಡುಗಳ ಫರ್ಮ್‌ವೇರ್, ಅಂದರೆ ಸಾಧನವನ್ನು ನಡೆಸುವ ಒಳಗಿನ ತಂತ್ರಾಂಶ, ಅದನ್ನು ಬಳಸುವುದಿಲ್ಲ. ವಿಚಿತ್ರವೆಂದರೆ ಈ ಮಿತಿ ಹಳೆಯದಕ್ಕಿದ್ದು ಹೊಸದಕ್ಕಿಲ್ಲ ಎಂಬಷ್ಟು ಸರಳವಾಗಿಯೂ ಇಲ್ಲ: 2005 ಮತ್ತು 2006ರ ಐದನೇ ಪೀಳಿಗೆಯವು 128 ಜಿಬಿಯನ್ನು ದಾಟಬಲ್ಲವು, ಅವುಗಳ ನಂತರ ಬಂದ 2007ರ 80 ಜಿಬಿ ಮತ್ತು 2008ರ 120 ಜಿಬಿ ಕ್ಲಾಸಿಕ್‌ಗಳು ದಾಟಲಾರವು, 2009ರ ತೆಳು 160 ಜಿಬಿ ಕ್ಲಾಸಿಕ್ ಮತ್ತೆ ದಾಟಬಲ್ಲದು. ಹೊರನೋಟಕ್ಕೆ 2008ರದೂ 2009ರದೂ ಒಂದೇ ಥರ ಕಾಣುವುದರಿಂದ, ಕಾರ್ಡು ಕೊಳ್ಳುವ ಮೊದಲು ಬೆನ್ನಿನ ಮೇಲೆ ಕೆತ್ತಿರುವ ಸಾಮರ್ಥ್ಯವನ್ನು ಓದಿಕೊಳ್ಳುವುದು ಅಗತ್ಯ. ಬೆನ್ನಿನ ಮುಚ್ಚಳವನ್ನು ಹಿಂದೆ ಯಾರಾದರೂ ಬದಲಿಸಿರುವ ಸಾಧ್ಯತೆಯಿದ್ದರೆ ಸಾಧನದ ಮಾಹಿತಿಯ ಪರದೆಯಲ್ಲಿ ಸಿಗುವ ಮಾದರಿ ಸಂಖ್ಯೆಯನ್ನೇ ನಂಬಬೇಕು.

ಎರಡನೆಯ ಅಂಚು ರ‍್ಯಾಮ್. ಐಪಾಡ್ ತನ್ನಲ್ಲಿರುವ ಎಲ್ಲ ಹಾಡುಗಳ ಹೆಸರು, ಹಾಡಿದವರು, ಸಂಪುಟ ಮುಂತಾದ ವಿವರಗಳ ಸೂಚಿಯನ್ನು ಒಂದು ಕಡತದಲ್ಲಿ ಇಟ್ಟುಕೊಂಡು, ಕೆಲಸ ಮಾಡುವಾಗ ಅದನ್ನು ರ‍್ಯಾಮಿಗೆ ತರುತ್ತದೆ. ಕಾರ್ಡಿನಲ್ಲಿ ಎಷ್ಟೇ ಜಾಗವಿದ್ದರೂ ಈ ಸೂಚಿ ರ‍್ಯಾಮಿನಲ್ಲಿ ಹಿಡಿಯದಷ್ಟು ಬೆಳೆದರೆ ಸಾಧನ ನಿಧಾನವಾಗುತ್ತದೆ, ಇದ್ದಕ್ಕಿದ್ದಂತೆ ಮರುಚಾಲನೆಗೊಳ್ಳುತ್ತದೆ, ಅಥವಾ ಹಾಡುಗಳೇ ಇಲ್ಲವೆಂದು ತೋರಿಸುತ್ತದೆ. ಐದನೇ ಪೀಳಿಗೆಯ 30 ಜಿಬಿ ಮಾದರಿಗಳಲ್ಲಿ 32 ಎಂಬಿ, 60 ಮತ್ತು 80 ಜಿಬಿ ಮಾದರಿಗಳಲ್ಲಿಯೂ ಕ್ಲಾಸಿಕ್‌ಗಳಲ್ಲಿಯೂ 64 ಎಂಬಿ ರ‍್ಯಾಮ್ ಇದೆ. ಬಳಸಿದವರ ಅನುಭವದಲ್ಲಿ ಮೊದಲನೆಯದು ಸುಮಾರು 20,000 ಹಾಡುಗಳ ಹತ್ತಿರ, ಎರಡನೆಯದು ಸುಮಾರು 50,000ದ ಹತ್ತಿರ ಏದುಸಿರು ಬಿಡಲು ತೊಡಗುತ್ತದೆ. ಪ್ರತಿ ಹಾಡಿಗೂ ಉದ್ದುದ್ದ ವಿವರಗಳನ್ನು ತುಂಬಿಸಿದ್ದರೆ ಇನ್ನೂ ಮೊದಲೇ. ಇದನ್ನು ಜಾಗದ ಲೆಕ್ಕಕ್ಕೆ ತಿರುಗಿಸಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ. 256 ಕೆಬಿಪಿಎಸ್‌ನಲ್ಲಿರುವ (ಅಂದರೆ ಸೆಕೆಂಡಿಗೆ 256 ಕಿಲೋಬಿಟ್) ನಾಲ್ಕು ನಿಮಿಷದ ಹಾಡು ಸುಮಾರು 8 ಎಂಬಿ ಹಿಡಿಯುತ್ತದೆ, ಅಂದರೆ 20,000 ಹಾಡುಗಳಿಗೆ 160 ಜಿಬಿ ಸಾಕು. ಅಂಥ ಸಂಗ್ರಹವಿರುವವರು 32 ಎಂಬಿಯ ಸಾಧನಕ್ಕೆ 256 ಜಿಬಿಗಿಂತ ದೊಡ್ಡ ಕಾರ್ಡು ಹಾಕಿದರೆ ಮಿಕ್ಕ ಜಾಗ ಸುಮ್ಮನೆ ಬಿದ್ದಿರುತ್ತದೆ. ಗುಣಮಟ್ಟ ಕಳೆಯದ ಎಎಲ್‌ಎಸಿ ರೂಪದಲ್ಲಿ ಹಾಡೊಂದು 30 ಎಂಬಿ ಮುಟ್ಟುವುದರಿಂದ, ಆ ಬಗೆಯ ಸಂಗ್ರಹಕ್ಕೆ ಮಾತ್ರ ದೊಡ್ಡ ಕಾರ್ಡು ನಿಜವಾಗಿ ಬೇಕಾಗುತ್ತದೆ. ಆಪಲ್‌ನ ಫರ್ಮ್‌ವೇರ್ ಬದಲಿಗೆ ರಾಕ್‌ಬಾಕ್ಸ್ ಎಂಬ ಮುಕ್ತ ಫರ್ಮ್‌ವೇರ್ ಹಾಕಿಕೊಂಡವರು ಸೂಚಿಯ ಗೊಡವೆಯಿಲ್ಲದೆ ಫೋಲ್ಡರುಗಳ ಮೂಲಕವೇ ಹಾಡು ಹುಡುಕಬಹುದು, ಎಫ್‌ಎಲ್‌ಎಸಿ ಎಂಬ, ಗುಣಮಟ್ಟ ಕಳೆಯದ ಇನ್ನೊಂದು ರೂಪದ ಕಡತಗಳನ್ನೂ ಕೇಳಬಹುದು. ಅದಕ್ಕೆ ತಕ್ಕ ಕಲಿಕೆಯ ಶ್ರಮವೂ ಇದೆ.

ಬ್ಯಾಟರಿಯ ವಿಷಯದಲ್ಲಿ ಉತ್ಪ್ರೇಕ್ಷೆಯ ಮಾತುಗಳು ಬಹಳ ಓಡಾಡುತ್ತವೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಡಿಸ್ಕ್ ಹೆಚ್ಚಿನ ಹೊತ್ತು ಮಲಗಿಯೇ ಇರುತ್ತದೆ ಎಂದಾದರೆ ಅದನ್ನು ತೆಗೆದದ್ದರಿಂದ ಉಳಿಯುವ ವಿದ್ಯುತ್ತು ಎಷ್ಟು? ಉತ್ತರ ಕೇಳುವ ಕಡತಗಳ ಮೇಲೆ ನಿಂತಿದೆ. 128 ಕೆಬಿಪಿಎಸ್‌ನ ಹಾಡು ಸೆಕೆಂಡಿಗೆ 16 ಕಿಲೋಬೈಟು ತಿನ್ನುತ್ತದೆ. 32 ಎಂಬಿ ರ‍್ಯಾಮ್ ಪೂರ್ತಿ ಅದಕ್ಕೇ ಮೀಸಲೆಂದುಕೊಂಡರೂ ಅರ್ಧ ಗಂಟೆಗೊಮ್ಮೆ ಡಿಸ್ಕ್ ಎದ್ದರೆ ಸಾಕು. ಮೊದಲ ಐಪಾಡಿನ ಅಲುಗಾಟ ತಡೆಯುವ ಶಕ್ತಿಯನ್ನು ಆಪಲ್ 20 ನಿಮಿಷವೆಂದು ಹೇಳಿಕೊಂಡದ್ದು ಈ ಲೆಕ್ಕಕ್ಕೆ ಹೊಂದುತ್ತದೆ. ಅದೇ ಗುಣಮಟ್ಟ ಕಳೆಯದ ಕಡತವಾದರೆ ಸೆಕೆಂಡಿಗೆ 100 ಕಿಲೋಬೈಟಿಗೂ ಮಿಕ್ಕಿ ಬೇಕು, ರ‍್ಯಾಮ್ ನಾಲ್ಕೈದು ನಿಮಿಷದಲ್ಲಿ ಬರಿದಾಗುತ್ತದೆ, ಅಂದರೆ ಹಾಡು ಹಾಡಿಗೂ ಡಿಸ್ಕ್ ಏಳಬೇಕು. ನಿಂತ ತಟ್ಟೆಯನ್ನು ಪೂರ್ಣ ವೇಗಕ್ಕೆ ತರುವ ಆ ಕ್ಷಣವೇ ಅದರ ಅತ್ಯಂತ ಹಸಿದ ಕ್ಷಣ. ನಡುನಡುವೆ ಹಾಡು ಹಾರಿಸುವ ಅಭ್ಯಾಸವಿರುವವರಲ್ಲಿಯೂ ಹೀಗೆಯೇ, ಏಕೆಂದರೆ ತಂದಿಟ್ಟುಕೊಂಡದ್ದು ವ್ಯರ್ಥವಾಗಿ ಮತ್ತೆ ತರಬೇಕಾಗುತ್ತದೆ. ಇಂಥವರಿಗೆ ಫ್ಲ್ಯಾಶ್‌ನಿಂದ ಆಗುವ ಉಳಿತಾಯ ಎದ್ದು ಕಾಣುತ್ತದೆ. ಚಿಕ್ಕ ಕಡತಗಳನ್ನು ಸಾಲಾಗಿ ಕೇಳುವವರಿಗೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ.

ಬ್ಯಾಟರಿಯ ಬಾಳಿಕೆ ಹೆಚ್ಚುವುದರ ನಿಜವಾದ ಗುಟ್ಟು ಜಾಗದಲ್ಲಿದೆ. ತೆಳು ಮಾದರಿಗಳ ಡಿಸ್ಕ್ 5 ಮಿಲಿಮೀಟರ್ ದಪ್ಪ, ದಪ್ಪ ಮಾದರಿಗಳದು 8 ಮಿಲಿಮೀಟರ್. ಅದರ ಜಾಗಕ್ಕೆ ಬರುವ ಅಡಾಪ್ಟರ್ ಮತ್ತು ಕಾರ್ಡು ಸೇರಿಯೂ ಬಹಳ ತೆಳು, ಹಾಗಾಗಿ ತೆರವಾದ ಜಾಗದಲ್ಲಿ ಮೂಲದ್ದಕ್ಕಿಂತ ಎರಡು ಮೂರು ಪಟ್ಟು ಸಾಮರ್ಥ್ಯದ ಬ್ಯಾಟರಿಯನ್ನು ಇಡಬಹುದು. ಸಾಧನದ ತೂಕವೂ ಐವತ್ತು ಗ್ರಾಮಿನ ಆಸುಪಾಸು ಇಳಿಯುತ್ತದೆ, ಬ್ಯಾಟರಿ ದೊಡ್ಡದಾದರೆ ಅದರಲ್ಲಿ ಒಂದಷ್ಟು ಮರಳಿ ಸೇರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಮಲಗು ಎಂಬ ಆಜ್ಞೆಯನ್ನು ಸರಿಯಾಗಿ ಪಾಲಿಸದ ಅಗ್ಗದ ಅಡಾಪ್ಟರುಗಳೂ ಇವೆ, ಮತ್ತು ನಾಲ್ಕು ಕಾರ್ಡುಗಳು ಒಂದಕ್ಕಿಂತ ಹೆಚ್ಚು ವಿದ್ಯುತ್ತನ್ನು ಸೋರಿಸುತ್ತವೆ. ಹೊಸ ಬ್ಯಾಟರಿ ಹಾಕಿದ ಮೇಲೂ ಸಾಧನ ಸುಮ್ಮನೆ ಇಟ್ಟಲ್ಲೇ ಖಾಲಿಯಾಗುತ್ತಿದ್ದರೆ ಸಂಶಯ ಮೊದಲು ಅಡಾಪ್ಟರಿನ ಮೇಲೆ ಹೋಗಬೇಕು.

ಧ್ವನಿ ಉತ್ತಮಗೊಳ್ಳುತ್ತದೆಯೇ ಎಂದು ಕೇಳುವವರುಂಟು. ಅಂಕಿಗಳು ತಟ್ಟೆಯಿಂದ ಬರಲಿ, ಚಿಪ್ಪಿನಿಂದ ಬರಲಿ, ಅವೇ ಅಂಕಿಗಳು. ಅವನ್ನು ಧ್ವನಿಯಾಗಿ ತಿರುಗಿಸುವ ಭಾಗವನ್ನು ನಾವು ಮುಟ್ಟಿಯೇ ಇಲ್ಲ. ಐದನೇ ಪೀಳಿಗೆಯಲ್ಲಿ ವುಲ್ಫ್‌ಸನ್ ಚಿಪ್ಪೂ ಕ್ಲಾಸಿಕ್‌ನಲ್ಲಿ ಸಿರಸ್ ಲಾಜಿಕ್ ಚಿಪ್ಪೂ ಇರುವುದರಿಂದ ಯಾವುದರ ನಾದ ಹಿತವೆಂಬ ಚರ್ಚೆ ನಡೆಯುತ್ತಲೇ ಇದೆ, ಆದರೆ ಅದು ಮಾದರಿಗಳ ನಡುವಿನ ಚರ್ಚೆ, ಡಿಸ್ಕ್ ಬದಲಿಸುವುದಕ್ಕೆ ಸಂಬಂಧಿಸಿದ್ದಲ್ಲ.

ಸಾಧನವನ್ನು ಬಿಚ್ಚುವ ಮೊದಲು ರೋಗ ಡಿಸ್ಕಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಮೆನು ಗುಂಡಿಯನ್ನೂ ನಡುಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದು ಮರುಚಾಲನೆಗೊಳಿಸಿ, ಸೇಬಿನ ಗುರುತು ಕಂಡ ಕೂಡಲೇ ನಡುಗುಂಡಿಯನ್ನೂ ಹಿಂದಿನ ಹಾಡಿನ ಗುಂಡಿಯನ್ನೂ ಹಿಡಿದರೆ ತಪಾಸಣೆಯ ಪರದೆ ತೆರೆಯುತ್ತದೆ. ಕ್ಲಾಸಿಕ್‌ಗಳಲ್ಲಿ ಅಲ್ಲಿ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಆರೋಗ್ಯದ ಅಂಕಿಗಳು ಸಿಗುತ್ತವೆ: ಕೆಟ್ಟು ಬೇರೆಡೆಗೆ ಸಾಗಿಸಿದ ಸೆಕ್ಟರುಗಳೆಷ್ಟು, ಕೆಡುವ ಸಾಲಿನಲ್ಲಿ ನಿಂತಿರುವವೆಷ್ಟು ಎಂದು. ಅವು ನೂರಾರು ಇದ್ದರೆ ಬೇರೆ ಸಾಕ್ಷಿ ಬೇಡ. ಅಂಕಿಗಳು ಸೊನ್ನೆಯಿದ್ದೂ ಸಾಧನ ತೊಡರುತ್ತಿದ್ದರೆ ಸಡಿಲಗೊಂಡ ಕೇಬಲೋ ಬಸವಳಿದ ಬ್ಯಾಟರಿಯೋ ಕಾರಣವಾಗಿರಬಹುದು.

ಕಾರ್ಡನ್ನೂ ಹಾಗೆಯೇ ಮೊದಲೇ ಪರೀಕ್ಷಿಸಬೇಕು, ಏಕೆಂದರೆ ಮಾರುಕಟ್ಟೆಯಲ್ಲಿ ಸುಳ್ಳು ಕಾರ್ಡುಗಳು ವಿಪುಲವಾಗಿವೆ. ಸೆಕ್ಟರುಗಳೆಷ್ಟು ಎಂದು ಕೇಳಿದಾಗ ಉತ್ತರಿಸುವುದು ಕಾರ್ಡಿನ ನಿಯಂತ್ರಕವೇ ಆದ್ದರಿಂದ, ಅದರಲ್ಲಿ ಸುಳ್ಳು ಸಂಖ್ಯೆ ಬರೆದಿಟ್ಟರೆ 32 ಜಿಬಿ ಕಾರ್ಡು 512 ಜಿಬಿ ಎಂದು ಹೇಳಿಕೊಳ್ಳುತ್ತದೆ, ಕಂಪ್ಯೂಟರೂ ಐಪಾಡೂ ಅದನ್ನು ನಂಬುತ್ತವೆ. ಮೊದಲ 32 ಜಿಬಿ ತುಂಬುವವರೆಗೆ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ, ಇಲ್ಲವೇ ಹಳೆಯದನ್ನೇ ಅಳಿಸುತ್ತದೆ. ಕಾರ್ಡಿನ ತುದಿಯವರೆಗೂ ಬರೆದು ಮರಳಿ ಓದಿ ಹೋಲಿಸುವುದೊಂದೇ ಇದನ್ನು ಪತ್ತೆಹಚ್ಚುವ ದಾರಿ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಅದನ್ನೇ ಮಾಡುತ್ತವೆ. ದೊಡ್ಡ ಕಾರ್ಡಿಗೆ ಹಲವು ಗಂಟೆ ಹಿಡಿಯುತ್ತದೆ, ಆದರೂ ಈ ಹೆಜ್ಜೆಯನ್ನು ಯಾರೂ ಬಿಡಬಾರದು. ಇದರ ಜೊತೆಗೆ, ಕಾರ್ಡಿನ ಮೇಲೆ ಮುದ್ರಿಸಿರುವ ಮಹಾವೇಗದ ಅಂಕಿಗಳಿಗೆ ಮರುಳಾಗುವ ಅಗತ್ಯವಿಲ್ಲ, ಯುಎಸ್‌ಬಿ 2.0 ಮತ್ತು ಅಡಾಪ್ಟರಿನ ದುಭಾಷಿ ಚಿಪ್ ಎರಡೂ ಆ ವೇಗಕ್ಕೆ ಬಹಳ ಮೊದಲೇ ಅಡ್ಡ ನಿಲ್ಲುತ್ತವೆ.

ಬಿಚ್ಚುವ ಕೆಲಸದಲ್ಲಿ ಬುದ್ಧಿಗಿಂತ ತಾಳ್ಮೆ ಹೆಚ್ಚು ಬೇಕು. ಮುಂಭಾಗವೂ ಬೆನ್ನಿನ ಉಕ್ಕಿನ ಮುಚ್ಚಳವೂ ಅಂಚಿನುದ್ದಕ್ಕೂ ಇರುವ ಕೊಕ್ಕೆಗಳಿಂದ ಕಚ್ಚಿಕೊಂಡಿರುತ್ತವೆ. ತೆಳುವಾದ ಪಟ್ಟಿಯೊಂದನ್ನು ಸಂದಿಗೆ ತೂರಿಸಿ ಒಂದೊಂದೇ ಕೊಕ್ಕೆಯನ್ನು ಬಿಡಿಸುತ್ತ ಹೋಗಬೇಕು. ಐದನೇ ಪೀಳಿಗೆ ಸುಲಭವಾಗಿ ಬಾಯಿ ಬಿಡುತ್ತದೆ, ಲೋಹದ ಮುಖವಿರುವ ಕ್ಲಾಸಿಕ್ ಮೊಂಡು. ಅದರ ಅಂಚು ಡೊಂಕಾಗದಂತೆ ತೆಗೆಯುವುದು ಅನುಭವಿಗಳಿಗೂ ಕಷ್ಟ. ಎರಡು ಭಾಗಗಳು ಬೇರ್ಪಟ್ಟವೆಂದು ಹಿಗ್ಗಿ ಎಳೆದರೆ ಅನಾಹುತವಾಗುತ್ತದೆ, ಏಕೆಂದರೆ ಬ್ಯಾಟರಿಯೂ ಹೆಡ್‌ಫೋನ್ ಕಿಂಡಿಯೂ ಬೆನ್ನಿನ ಮುಚ್ಚಳದಲ್ಲಿದ್ದು, ಎರಡು ರಿಬ್ಬನ್ ಕೇಬಲುಗಳು ಅದನ್ನು ಮುಂಭಾಗದ ಬೋರ್ಡಿಗೆ ಕಟ್ಟಿರುತ್ತವೆ. ಬ್ಯಾಟರಿ ಕೇಬಲಿನ ಅಗುಳಿಯನ್ನು ಅತಿ ಸ್ವಲ್ಪವೇ ಮೇಲೆತ್ತಿ ಕೇಬಲನ್ನು ಹೊರಜಾರಿಸಬೇಕು; ಬಲ ಹಾಕಿದರೆ ಕಿಂಡಿಯೇ ಬೋರ್ಡಿನಿಂದ ಕಿತ್ತು ಬರುತ್ತದೆ, ಆಗ ಸೂಕ್ಷ್ಮ ಬೆಸುಗೆ ಬಲ್ಲವರ ಮೊರೆ ಹೋಗದೆ ಗತ್ಯಂತರವಿಲ್ಲ. ಕೆಟ್ಟ ಡಿಸ್ಕಿಗಿಂತ ಕಿತ್ತ ಕಿಂಡಿಯೇ ಹೆಚ್ಚು ಐಪಾಡುಗಳನ್ನು ಮೂಲೆಗೆ ತಳ್ಳುತ್ತದೆಂದು ನನಗೆ ಅನ್ನಿಸುವಷ್ಟು ಈ ತಪ್ಪು ಸಾಮಾನ್ಯ. ಹಳೆಯ ಬ್ಯಾಟರಿಯನ್ನು ಅಂಟಿನಿಂದ ಬಿಡಿಸುವಾಗ ಚೂಪಾದ ಲೋಹ ಬಳಸಬಾರದು, ಅದನ್ನು ಮಡಿಸಬಾರದು. ಲಿಥಿಯಂ ಬ್ಯಾಟರಿ ತೂತಾದರೆ ಹೊತ್ತಿಕೊಳ್ಳುತ್ತದೆ. ಉಬ್ಬಿದ ಬ್ಯಾಟರಿ ಕಂಡರೆ ಈ ಎಚ್ಚರ ಇಮ್ಮಡಿಯಾಗಬೇಕು.

ಅಡಾಪ್ಟರನ್ನು ಕೂರಿಸುವಾಗ ಜಿಫ್ ಕೇಬಲಿನ ತುದಿ ನೇರವಾಗಿ, ಪೂರ್ತಿ ಒಳಗೆ ಹೋಗಿದೆಯೇ ನೋಡಿ ಆಮೇಲೆ ಅಗುಳಿ ಒತ್ತಬೇಕು. ಓರೆಯಾಗಿ ಕುಳಿತ ಕೇಬಲಿನಿಂದ ಹುಟ್ಟುವ ತೊಂದರೆಗಳು ಕೆಟ್ಟ ಕಾರ್ಡಿನ ತೊಂದರೆಗಳಂತೆಯೇ ಕಾಣುತ್ತವೆ. ಡಿಸ್ಕಿನ ಜಾಗ ದೊಡ್ಡದು, ಹಲಗೆ ಚಿಕ್ಕದು, ಆದ್ದರಿಂದ ಅದು ಅಲುಗಾಡದಂತೆ ತೆಳು ಫೋಮ್ ತುಂಡುಗಳನ್ನು ಒತ್ತಿಡಬೇಕು ಮತ್ತು ಅದರ ಬಿಚ್ಚು ಬೆಸುಗೆಗಳು ಉಕ್ಕಿನ ಮುಚ್ಚಳಕ್ಕೆ ತಾಗದಂತೆ ವಿದ್ಯುತ್ ಹರಿಯದ ಟೇಪು ಹಚ್ಚಬೇಕು. ಮುಚ್ಚಳವನ್ನು ಪೂರ್ತಿ ಒತ್ತಿ ಮುಚ್ಚುವುದು ಸಾಧನ ಒಮ್ಮೆ ಹಾಡಿ ತೋರಿಸಿದ ನಂತರವೇ.

ಎಲ್ಲವೂ ಸರಿಯಾಗಿ ಕೂತಿದ್ದರೂ ಮೊದಲ ಸಲ ಚಾಲೂ ಮಾಡಿದಾಗ ಮತ್ತೆ ಅದೇ ಫೋಲ್ಡರಿನ ಚಿತ್ರ ಬರುತ್ತದೆ. ಗಾಬರಿಪಡಬೇಕಾಗಿಲ್ಲ. ಬೋರ್ಡಿನ ಚಿಪ್ಪಿನಲ್ಲಿರುವುದು ಸಾಧನವನ್ನು ಎಬ್ಬಿಸುವ ಚಿಕ್ಕ ತಂತ್ರಾಂಶ ಮಾತ್ರ; ಮೆನುಗಳನ್ನು ತೋರಿಸುವ, ಹಾಡು ನುಡಿಸುವ ಮುಖ್ಯ ಫರ್ಮ್‌ವೇರ್ ಡಿಸ್ಕಿನ ಒಂದು ವಿಭಾಗದಲ್ಲಿತ್ತು, ಹೊಸ ಕಾರ್ಡಿನಲ್ಲಿ ಅದಿಲ್ಲ. ಮರುಚಾಲನೆಗೊಳಿಸಿ ನಡುಗುಂಡಿಯನ್ನೂ ಪ್ಲೇ ಗುಂಡಿಯನ್ನೂ ಹಿಡಿದರೆ ಸಾಧನ ಡಿಸ್ಕ್ ಮೋಡಿಗೆ, ಅಂದರೆ ಕಂಪ್ಯೂಟರಿಗೆ ಬರಿಯ ಡಿಸ್ಕಿನಂತೆ ಕಾಣುವ ಸ್ಥಿತಿಗೆ, ಹೋಗುತ್ತದೆ. ಕಂಪ್ಯೂಟರಿಗೆ ಜೋಡಿಸಿ ಐಟ್ಯೂನ್ಸ್ ಅಥವಾ ಮ್ಯಾಕಿನ ಫೈಂಡರ್ ಮೂಲಕ ರಿಸ್ಟೋರ್ ಕೊಟ್ಟರೆ ಅದು ಕಾರ್ಡನ್ನು ವಿಂಡೋಸ್‌ನಲ್ಲಾದರೆ ಫ್ಯಾಟ್32 ಎಂಬ ಕಡತ ಜೋಡಣೆಯ ರೂಪಕ್ಕೆ, ಮ್ಯಾಕಿನಲ್ಲಾದರೆ ಎಚ್‌ಎಫ್‌ಎಸ್ ಪ್ಲಸ್ ರೂಪಕ್ಕೆ ತಂದು ಫರ್ಮ್‌ವೇರನ್ನು ಬರೆಯುತ್ತದೆ. ಕಾರ್ಡು ಬರುವಾಗಲೇ ಇರುವ ಎಕ್ಸ್‌ಫ್ಯಾಟ್ ರೂಪ ಐಪಾಡಿಗೆ ಅರ್ಥವಾಗದು, ಅದು ಇಲ್ಲಿ ಅಳಿದುಹೋಗುತ್ತದೆ. 256 ಜಿಬಿ ಕಾರ್ಡು ಈಗ 238 ಎಂದು ತೋರಿದರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1,024ರ ಲೆಕ್ಕದಲ್ಲಿ ಎಣಿಸುವುದರ ಪರಿಣಾಮ.

ಹಾಡು ತುಂಬುವಾಗ ಮೊದಲೇ ಇಡೀ ಸಂಗ್ರಹವನ್ನು ಸುರಿಯದೆ ಕೆಲವು ನೂರು ಹಾಡುಗಳನ್ನು ಹಾಕಿ, ಸಾಧನವನ್ನು ಕಂಪ್ಯೂಟರಿನಿಂದ ಕ್ರಮವಾಗಿ ಬೇರ್ಪಡಿಸಿ, ಒಂದು ದಿನ ಕೇಳಿ ನೋಡುವುದು ಒಳ್ಳೆಯದು. ಸೆಕೆಂಡಿಗೆ 10 ಎಂಬಿ ವೇಗದಲ್ಲಿ 200 ಜಿಬಿ ಸಾಗಲು ಐದೂವರೆ ಗಂಟೆ ಬೇಕು, ಅಷ್ಟು ಹೊತ್ತಿನ ನಂತರ ಕೇಬಲ್ ಸಡಿಲವಿತ್ತೆಂದು ತಿಳಿಯುವುದು ಬೇಸರದ ಸಂಗತಿ. ಹಾಡು ಕೇಳುವುದೆಂದರೆ ಓದುವುದೇ ಹೊರತು ಬರೆಯುವುದಲ್ಲವಾದ್ದರಿಂದ ಈ ಬಳಕೆಯಲ್ಲಿ ಕಾರ್ಡು ಬೇಗ ಸವೆಯುವುದಿಲ್ಲ. ಆದರೆ ಕೋಶಗಳಲ್ಲಿ ಸಿಕ್ಕಿಸಿಟ್ಟ ಎಲೆಕ್ಟ್ರಾನುಗಳು ವರ್ಷಗಳಲ್ಲಿ ಮೆಲ್ಲಗೆ ಸೋರುತ್ತವೆ, ಅದೂ ವಿದ್ಯುತ್ತಿಲ್ಲದೆ ಬಿಟ್ಟಾಗ. ಹಾಗಾಗಿ ಸಂಗ್ರಹದ ಮೂಲ ಪ್ರತಿ ಕಂಪ್ಯೂಟರಿನಲ್ಲಿಯೋ ಬೇರೆ ಡಿಸ್ಕಿನಲ್ಲಿಯೋ ಇರಲಿ, ಮತ್ತು ಐಪಾಡನ್ನು ಮತ್ತೆ ಖಾನೆಗೆ ಸೇರಿಸುವುದಾದರೂ ಆಗಾಗ ಹೊರತೆಗೆದು ಚಾರ್ಜು ಮಾಡಿ ಕೇಳುತ್ತಿರಿ.